ಚಿಕ್ಕಪೇಟೆಯಲ್ಲಿ ಒಂದು ಗಂಟೆ, ಮೂರು ಸಾಮಾನು: ಹಳೆಯ ವಸ್ತುಗಳ ಪಂದ್ಯವನ್ನು ಮನೆಮಂದಿ ಆಡುವ ಬಗೆ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದವಳು ಅಲ್ಲಿಂದ ಕಲಿತು ತಂದದ್ದು ಒಂದೇ ವಿದ್ಯೆ. ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡೂ ಕಾಲು ಆಗುತ್ತಿತ್ತು. ಆ ಹೊಗೆಗೆ ಗೋಡೆಯ ಮೇಲಿನ ಅಲಾರಂ ಕೂಗಿಕೊಂಡದ್ದು ಬೇರೆ ಕಥೆ. ಸರಿಯಾಗಿ ಅದೇ ಹೊತ್ತಿಗೆ ಬಿಬಿಸಿಯಲ್ಲಿ 'ಬಾರ್ಗೇನ್ ಹಂಟ್' ಶುರು. 2000ನೇ ಇಸವಿಯಿಂದ ನಡೆದುಕೊಂಡು ಬಂದಿರುವ ಪಂದ್ಯ. ಕೆಂಪು ಉಡುಪಿನ ಇಬ್ಬರು, ನೀಲಿ ಉಡುಪಿನ ಇಬ್ಬರು. ಪ್ರತಿ ತಂಡಕ್ಕೆ 300 ಪೌಂಡ್, ಒಂದು ಗಂಟೆ ಸಮಯ, ಜೊತೆಗೆ ವಸ್ತುಗಳ ಮರ್ಮ ಬಲ್ಲ ಒಬ್ಬ ಸಲಹೆಗಾರ. ಹಳೆಯ ಸಾಮಾನಿನ ಸಂತೆಯಲ್ಲಿ ಮೂರು ವಸ್ತು ಕೊಳ್ಳಬೇಕು. ಆಮೇಲೆ ಅವನ್ನು ಹರಾಜಿನಲ್ಲಿ ಕೂಗುತ್ತಾರೆ. ಲಾಭ ಬಂದರೆ ತಂಡದ ಪಾಲು. ಹೆಚ್ಚು ಲಾಭ ಮಾಡಿದವರು ಗೆದ್ದಂತೆ. ಇಬ್ಬರಿಗೂ ಲಾಭವಿಲ್ಲದಿದ್ದರೆ ಕಡಿಮೆ ಕಳೆದುಕೊಂಡವರು ಗೆದ್ದಂತೆ.

ಈ ಕೊನೆಯ ನಿಯಮ ಯಾಕಿದೆ ಎಂದು ಎರಡನೆಯ ದಿನವೇ ಗೊತ್ತಾಯಿತು. ಅವತ್ತು ಎರಡೂ ತಂಡಗಳು ನಷ್ಟದಲ್ಲಿ ಮುಗಿಸಿದವು. ಮೂರನೆಯ ದಿನವೂ ಅದೇ ಹಾಡು. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದು, ಅದರಲ್ಲಿ ಹನ್ನೊಂದು ವರ್ಷ ಚಿನ್ನದ ಸಾಲದ ಮೇಜಿನಲ್ಲಿ ಕೂತಿದ್ದ ನನಗೆ ಕಾರಣ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಸಂತೆಯಲ್ಲಿ ಮಾರುವವನು ತನ್ನ ಲಾಭ ಸೇರಿಸಿ ಬೆಲೆ ಹೇಳುತ್ತಾನೆ. ಹರಾಜಿಗೆ ಬರುವವರಲ್ಲಿ ಅಂಥ ವ್ಯಾಪಾರಿಗಳೇ ಅನೇಕರು. ಅವರು ತಮ್ಮ ಮುಂದಿನ ಲಾಭವನ್ನು ಕಳೆದು ಕೂಗುತ್ತಾರೆ. ನಡುವಿನ ಆ ಹಳ್ಳಕ್ಕೆ ತಂಡದವರು ಬೀಳುತ್ತಾರೆ. ಸಾಮಾನು ಎಷ್ಟೇ ಚೆನ್ನಾಗಿರಲಿ, ಹರಾಜಿನ ದಿನ ಎದುರಿಗೆ ಯಾರು ಕೂತಿರುತ್ತಾರೆ ಎಂದು ತಿಳಿಯದೆ ಕೊಂಡರೆ ಗಿಟ್ಟುವುದಿಲ್ಲ.

ಹನುಮಂತನಗರದ ನಮ್ಮ ಮನೆಯಲ್ಲಿ ಈವರೆಗೆ ಏಳು ಸಲ ಈ ಪಂದ್ಯ ನಡೆದಿದೆ. ನಾನು ಮತ್ತು ತಂಗಿ ಒಂದು ಕಡೆ, ಭಾವ ಮತ್ತು ಅವರ ಮಗ ಇನ್ನೊಂದು ಕಡೆ. ನಾವು ಎರಡೇ ಸಲ ಗೆದ್ದಿದ್ದೇವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಟ ನಡೆಸುವ ಬಗೆಯನ್ನು ಕೇಳುವವರು ಹೆಚ್ಚಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಮನೆಯ ಕಟ್ಟಳೆ

ತಂಡಕ್ಕೆ 2,000 ರೂಪಾಯಿ ಸಾಕು. ಮೊದಲ ಸಲ 5,000 ಇಟ್ಟಿದ್ದೆವು; ಭಾವ ಹದಿನೈದೇ ನಿಮಿಷದಲ್ಲಿ 3,800 ರೂಪಾಯಿಯನ್ನು ಒಂದೇ ಸಾಮಾನಿಗೆ ಸುರಿದು ಬಂದರು. ಅದರ ಕಥೆ ಮುಂದೆ ಬರುತ್ತದೆ. ಮೂರು ವಸ್ತು ಕೊಳ್ಳಲೇಬೇಕು, ಎರಡಕ್ಕೆ ನಿಲ್ಲಿಸುವಂತಿಲ್ಲ. ಮೊಬೈಲಿನಲ್ಲಿ ಒಂದು ಗಂಟೆಯ ಗಡಿಯಾರ ಇಡಿ. ಆ ಗಂಟೆಯೊಳಗೆ ಅದೇ ಮೊಬೈಲಿನಲ್ಲಿ ಬೆಲೆ ಹುಡುಕಬಾರದು ಎಂಬುದು ನಾವೇ ಸೇರಿಸಿಕೊಂಡ ನಿಯಮ. ಬಿಬಿಸಿಯ ಪಂದ್ಯದಲ್ಲಿ ಉಳಿದ ಹಣವನ್ನು ಸಲಹೆಗಾರನ ಕೈಗೆ ಕೊಡುತ್ತಾರೆ; ಅವನು ತನ್ನ ಬುದ್ಧಿಗೆ ತೋಚಿದ ಇನ್ನೊಂದು ವಸ್ತು ತರುತ್ತಾನೆ; ತಂಡದವರು ಅದನ್ನು ಒಪ್ಪಬಹುದು, ಬಿಡಬಹುದು. ನಮ್ಮಲ್ಲಿ ಆ ಕೆಲಸ ಪಕ್ಕದ ಮನೆಯ ಕಾಲೇಜು ಹುಡುಗನದು. ಅವನು ತಂದದ್ದನ್ನು ನಾವು ಮೂರು ಸಲ ಬಿಟ್ಟೆವು, ಮೂರೂ ಸಲ ಅದು ಲಾಭಕ್ಕೆ ಹೋಯಿತು.

ಕಾನೂನಿನ ಮಾತನ್ನು ಆಟಕ್ಕೆ ಮೊದಲೇ ಎಲ್ಲರ ಕಿವಿಗೆ ಹಾಕಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಶಿಲ್ಪ, ಚಿತ್ರ, ನಾಣ್ಯ, ಕುಶಲಕಲೆಯ ವಸ್ತುಗಳಂಥವು ನೂರು ವರ್ಷ ತುಂಬಿದ್ದರೆ ಅದರ ಲೆಕ್ಕದಲ್ಲಿ ಪುರಾವಸ್ತು. ಚರಿತ್ರೆಯ ಅಥವಾ ಸಾಹಿತ್ಯದ ಬೆಲೆಯುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದೇ ವರ್ಷ. ಅಂಥದ್ದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಿಂದ ಆಚೆಗೆ ಖಾಸಗಿಯವರು ಒಯ್ಯುವಂತಿಲ್ಲ. ಆದ್ದರಿಂದ ನಮ್ಮ ಆಟದಲ್ಲಿ ನೂರರ ಹತ್ತಿರ ಸುಳಿಯುವ ಯಾವ ವಸ್ತುವೂ ಇಲ್ಲ. ಅನುಮಾನ ಬಂದರೆ ಕೆಳಗಿಟ್ಟು ಮುಂದೆ ನಡೆಯುವುದು. ವಿಗ್ರಹ, ದೇವಸ್ಥಾನದ ಗಂಟೆ, ತಾಳೆಗರಿ, ದಂತದ ಪೆಟ್ಟಿಗೆ, ಜಿಂಕೆಯ ಕೊಂಬು ಇವನ್ನು ಮುಟ್ಟುವುದೂ ಬೇಡ. ದಂತ ಮತ್ತು ಕೊಂಬಿನ ವಿಷಯದಲ್ಲಿ ವನ್ಯಜೀವಿ ಕಾಯ್ದೆ ಬೇರೆಯೇ ಕಾದು ಕೂತಿರುತ್ತದೆ.

ಮೊದಲು ಕೂಗುವವರನ್ನು ಹುಡುಕಿ

ಎಲ್ಲರೂ ಸಂತೆಯಿಂದ ಆರಂಭಿಸುತ್ತಾರೆ. ನಾನು ಹರಾಜಿನಿಂದ ಆರಂಭಿಸುತ್ತೇನೆ.

ಬ್ಯಾಂಕಿನಲ್ಲಿ, ಬಿಡಿಸಿಕೊಳ್ಳದ ಒಡವೆಗಳನ್ನು ನೋಟಿಸು ಕೊಟ್ಟು, ಗಡುವು ಮುಗಿದ ಮೇಲೆ ಹರಾಜು ಹಾಕುತ್ತಿದ್ದೆವು. ಹೊರಗಿನಿಂದ ಆರು ಜನ ಬರುತ್ತಿದ್ದರು. ಆರೂ ಜನ ಬರುವ ಮೊದಲು ಎದುರಿನ ದರ್ಶಿನಿಯಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಒಳಗೆ ಬಂದರೆ ಒಬ್ಬ ಬಳೆಗೆ ಕೂಗಿದಾಗ ಉಳಿದವರು ಛಾವಣಿ ನೋಡುತ್ತಿದ್ದರು; ಇನ್ನೊಬ್ಬ ಸರಕ್ಕೆ ಕೂಗಿದಾಗ ಮೊದಲಿನವನು ಕನ್ನಡಕ ಒರೆಸಿಕೊಳ್ಳುತ್ತಿದ್ದ. ಕನಿಷ್ಠ ಬೆಲೆಯ ಮೇಲೆ ನೂರು ರೂಪಾಯಿ ಏರಿದರೆ ಅದೇ ಹಬ್ಬ. ಒಂದು ಮಳೆಗಾಲ, ಇವರಾರಿಗೂ ಪರಿಚಯವಿಲ್ಲದ ಏಳನೆಯವನೊಬ್ಬ ಒದ್ದೆ ಕೊಡೆ ಹಿಡಿದು ಬಂದು ಕೂತ. ಅವತ್ತಿನ ಪಟ್ಟಿಯನ್ನು ನಮ್ಮ ಮ್ಯಾನೇಜರು ಎರಡು ಸಲ ಕೂಡಿಸಿ ನೋಡಿದರು.

ಆದ್ದರಿಂದ ನೆಂಟರನ್ನೇ ಗುಡ್ಡೆ ಹಾಕಿಕೊಂಡು ಹರಾಜು ಮಾಡಬೇಡಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಾರೆ, ಅಥವಾ ಸಂಕೋಚಕ್ಕೆ ಕೂಗಿ ಆಮೇಲೆ ದುಡ್ಡು ಕೊಡುವುದಿಲ್ಲ. ಒಬ್ಬರಿಗೊಬ್ಬರು ಗುರುತಿಲ್ಲದ, ಬೇರೆ ಬೇರೆ ಹಸಿವಿನ ಎಂಟು ಜನ ಸಾಕು. ನಮ್ಮ ಮಹಡಿಗೆ ಬರುವವರಲ್ಲಿ ಒಬ್ಬರು ಹವ್ಯಾಸಿ ನಾಟಕ ತಂಡದ ರಂಗಸಜ್ಜಿಕೆಯವರು. ಕಲಾಕ್ಷೇತ್ರದಲ್ಲಿ ನಾಟಕ ಇದೆ ಎಂದರೆ ಲಾಟೀನು, ಟ್ರಂಕು, ಕಪ್ಪು ಟೆಲಿಫೋನು ಯಾವುದನ್ನೂ ಬಿಡುವುದಿಲ್ಲ. ಒಬ್ಬರು ಜಯನಗರದಲ್ಲಿ ಕಾಫಿ ಅಂಗಡಿ ತೆರೆದಿರುವ ಹುಡುಗಿ. ಒಬ್ಬರು ಮನೆಗಳ ಒಳಾಂಗಣ ವಿನ್ಯಾಸ ಮಾಡುವವರು. ಒಬ್ಬರು ಕೈಗಡಿಯಾರದ ಹುಚ್ಚಿನವರು, ನಿವೃತ್ತ ಮೇಷ್ಟ್ರು. ಇನ್ನುಳಿದವರು ಬಂದು ಹೋಗುವವರು.

ಒಂದು ವಸ್ತುವಿಗೆ ಒಬ್ಬ ಗಿರಾಕಿ ಇದ್ದರೆ ಅದು ಕೊಂಡ ಬೆಲೆಗೇ ಹೋಗುತ್ತದೆ. ಬೇರೆ ಬೇರೆ ಕಾರಣಕ್ಕೆ ಇಬ್ಬರಿಗೆ ಬೇಕಾಗಿದ್ದರೆ ಮಾತ್ರ ಏರುತ್ತದೆ. ಹೂವಿನ ಚಿತ್ರ ಬರೆದಿದ್ದ ಒಂದು ತಗಡಿನ ಟ್ರಂಕನ್ನು ನಾವು 700 ರೂಪಾಯಿಗೆ ತಂದಿದ್ದೆವು. ನಾಟಕದವರಿಗೆ ಅದು ಎರಡನೆಯ ಅಂಕದಲ್ಲಿ ಮದುಮಗಳ ಪೆಟ್ಟಿಗೆ. ಕಾಫಿ ಅಂಗಡಿಯ ಹುಡುಗಿಗೆ ಅದು ಮೂಲೆಯ ಮೇಜು. 1,900ಕ್ಕೆ ನಿಂತಿತು.

ಸಂತೆಯ ಬೆಳಗು

ಚಿಕ್ಕಪೇಟೆಯ ಭಾನುವಾರದ ಸಂತೆಗೆ ಬೆಳಿಗ್ಗೆ ಬೇಗ ಹೋಗಬೇಕು. ಮೆಟ್ರೊ ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ನಡೆದರೆ, ವಾರದ ದಿನಗಳಲ್ಲಿ ಸೀರೆ, ವಿದ್ಯುತ್ ಸಾಮಾನು, ಸಗಟು ಅಂಗಡಿಗಳ ಗದ್ದಲವಿರುವ ಬೀದಿಗಳಲ್ಲಿ ಮುಚ್ಚಿದ ಷಟರ್‌ಗಳ ಮುಂದೆ ಗೋಣಿತಾಟು ಹಾಸಿಕೊಂಡವರು ಕಾಣುತ್ತಾರೆ. ಜನ ಇದನ್ನು ಚೋರ್ ಬಜಾರ್ ಎನ್ನುತ್ತಾರೆ. ಆ ಹೆಸರಿಗೆ ತಕ್ಕ ಮಾಲು ಅಲ್ಲಿ ಇಲ್ಲವೆಂದು ಯಾರೂ ಆಣೆ ಮಾಡಲಾರರು. ಆದ್ದರಿಂದ ಮೊಬೈಲು, ಕ್ಯಾಮೆರಾ, ಸೈಕಲ್ಲು ನಮ್ಮ ಆಟದ ಹೊರಗೆ. ಕಳವಿನದು ಎಂದು ತಿಳಿದೂ ಕೊಳ್ಳುವುದು ಅಪರಾಧ.

ಚೀಲದಲ್ಲಿ ಇರಬೇಕಾದದ್ದು: ಒಂದು ಸಣ್ಣ ಅಯಸ್ಕಾಂತ, ಭೂತಗನ್ನಡಿ, ಟಾರ್ಚು, ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ, ಹತ್ತು–ಇಪ್ಪತ್ತು–ಐವತ್ತರ ನೋಟುಗಳು. ಐನೂರರ ನೋಟು ತೆಗೆದು ತೋರಿಸಿದರೆ ಚೌಕಾಸಿ ಅಲ್ಲಿಗೇ ಮುಗಿಯಿತು.

ಅಯಸ್ಕಾಂತದ ಉಪಯೋಗ ಹೇಳಿ ಮುಗಿಯುವಂಥದ್ದಲ್ಲ. ಹಿತ್ತಾಳೆ ಎಂದು ಹೇಳಿ ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣ ಮಾರುವುದು ಮಾಮೂಲು. ಅಯಸ್ಕಾಂತ ಹಿಡಿದರೆ ಟಕ್ ಎಂದು ಅಂಟುತ್ತದೆ. ಆರನೇ ಜಾರ್ಜ್ ದೊರೆಯ ಮುಖವಿರುವ 1947ರ ರೂಪಾಯಿಯನ್ನು ಬೆಳ್ಳಿಯದೆಂದು ಕೊಡುತ್ತಾರೆ. ಅದು ನಿಕಲ್, ಅಯಸ್ಕಾಂತಕ್ಕೆ ಹಾರಿ ಬರುತ್ತದೆ. ಅದೇ ದೊರೆಯ 1940ರಿಂದ 1945ರ ತನಕದ ರೂಪಾಯಿ ಅರ್ಧ ಬೆಳ್ಳಿಯದು. ಅಂಟುವುದಿಲ್ಲ, ತೂಕ 11.66 ಗ್ರಾಂ. ತಕ್ಕಡಿಯಲ್ಲಿ ಒಂಬತ್ತೂವರೆ ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇನ್ನು ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರದ ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದಿರುವ ನಾಣ್ಯ ಪ್ರತಿ ಗೋಣಿತಾಟಿನ ಮೇಲೂ ಇರುತ್ತದೆ. ಕಂಪನಿ ಅಂಥದ್ದನ್ನು ಟಂಕಿಸಿಯೇ ಇಲ್ಲ. ಅದು ಅಕ್ಕಿ ಎಳೆಯುತ್ತದೆ, ಮನೆಗೆ ಲಕ್ಷ್ಮಿ ತರುತ್ತದೆ ಎಂದು ಕಥೆ ಹೇಳಿ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಬಂದದ್ದು ಯಾವ ಮನೆಗೆ ಎಂದು ಕೇಳಬೇಡಿ.

ಕಂಚೋ ಹಿತ್ತಾಳೆಯೋ ಎಂಬುದಕ್ಕೆ ಕಿವಿಯೇ ಸಾಕು. ವಸ್ತುವನ್ನು ಅಂಗೈ ತುಂಬ ಹಿಡಿಯಬೇಡಿ, ಧ್ವನಿ ಸಾಯುತ್ತದೆ. ಬಟ್ಟಲಾದರೆ ಮೂರು ಬೆರಳ ತುದಿಯ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯ ಉಗುರಿನಿಂದ ಅಂಚಿಗೆ ಮೀಟಿ. ಕಂಚು ತವರ ಬೆರೆತದ್ದು. ಅದು ಹಾಡುತ್ತದೆ, ನೀವು ಉಸಿರು ಬಿಡುವ ತನಕ ನಾದ ಉಳಿಯುತ್ತದೆ. ಸತು ಬೆರೆತ ಹಿತ್ತಾಳೆ ಟಣ್ ಎಂದು ಬೇಗ ಸುಮ್ಮನಾಗುತ್ತದೆ. ಎರಡೂ ಅಲ್ಲದ ಒಡಕು ಧ್ವನಿ ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಟಾರ್ಚನ್ನು ಒಳಗಿನಿಂದ ಹಿಡಿದು ಹುಡುಕಿ.

ಬೆಂಗಳೂರಿನಲ್ಲಿ ಆಡುವವರಿಗೆ ಕೈಗಡಿಯಾರ ಒಂದು ವರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ ಇಲ್ಲೇ ಶುರುವಾದದ್ದು. ನಮ್ಮ ತಂದೆಯ ಕಾಲದವರಿಗೆ ಮದುವೆ ಎಂದರೆ ಒಂದು ಜನತಾ ವಾಚು. ನೂರು ವರ್ಷದ ಕಾನೂನಿನ ಭಯವೂ ಇಲ್ಲ. ಆದರೆ ಸಂತೆಯಲ್ಲಿ ಸಿಗುವ ಎಚ್‌ಎಂಟಿಯ ಪೈಲಟ್ ಎಂಬ ಮಾದರಿಯ ವಾಚುಗಳಲ್ಲಿ ಮುಖಕ್ಕೆ ಹೊಸದಾಗಿ ಬಣ್ಣ ಬಳಿದವು ರಾಶಿ ರಾಶಿ: ಕಾರ್ಖಾನೆಯಿಂದ ಎಂದೂ ಹೊರಬರದ ಕಿತ್ತಳೆ, ಗಿಳಿಹಸಿರು. ಭೂತಗನ್ನಡಿ ಹಿಡಿದು ಅಕ್ಷರ ನೋಡಿ. ಅಸಲಿಯಲ್ಲಿ ಅಕ್ಷರದ ಅಂಚು ಚೂಪು, ನಿಮಿಷದ ಗೀಟುಗಳು ಸಮ. ಬಳಿದದ್ದರಲ್ಲಿ ಅಕ್ಷರದ ಅಂಚು ಬಿಸಿಲಿಗೆ ಇಟ್ಟ ಬೆಣ್ಣೆಯಂತೆ ಹರಡಿರುತ್ತದೆ, ತಳದಲ್ಲಿ ಬರೆದ ಸಣ್ಣ ಸಾಲು ಅಂಚಿಗೆ ತಗುಲಿ ಅರ್ಧ ಕತ್ತರಿಸಿರುತ್ತದೆ. ಕೀ ಕೊಡಿ, ಕೊಡುವಾಗ ಬೆರಳಿಗೆ ಹಲ್ಲು ಹಲ್ಲಾಗಿ ಸಿಗಬೇಕು, ಜಾರಬಾರದು. ಕಿವಿಗಿಟ್ಟುಕೊಂಡು ಒಂದು ನಿಮಿಷ ಸುಮ್ಮನಿರಿ. ಸಂತೆಯ ಆ ಗಲಾಟೆಯಲ್ಲಿಯೂ ಲಯ ತಪ್ಪುವುದು ಗೊತ್ತಾಗುತ್ತದೆ. ಅಸಲಿ ಮುಖಗಳು ಹೇಗಿರುತ್ತವೆ ಎಂದು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕೆಂದರೆ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿಯ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಈಗ ಭಾವನವರ 3,800 ರೂಪಾಯಿಯ ಕಥೆ. ಫಳಫಳ ಹೊಳೆಯುವ ಹಿತ್ತಾಳೆಯ ದೊಡ್ಡ ಕಹಳೆ, ಕೆಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಾಯಿಯ ಚಿತ್ರ: ಗ್ರಾಮಫೋನು. ದೂರದಿಂದ ನೋಡಿದರೆ ಮೈಸೂರು ಅರಮನೆಯಿಂದಲೇ ಎದ್ದು ಬಂದಂತಿತ್ತು. ನಮ್ಮ ಆಟಕ್ಕೆ ಇಷ್ಟು ತಿಳಿದರೆ ಸಾಕು: ಈಚೆಗೆ ಅಲಂಕಾರಕ್ಕೆಂದು ತಯಾರಾಗಿ ಹಳೆಯದೆಂದು ಮಾರಾಟವಾಗುವ ಗ್ರಾಮಫೋನುಗಳು ದೇಶದ ತುಂಬ ಇವೆ, ಬಹುಪಾಲು ಹೀಗೇ ಕಾಣುತ್ತವೆ. ಕಹಳೆಯ ತಗಡು ತೆಳು, ಬೆಸುಗೆ ಒರಟು, ಪೆಟ್ಟಿಗೆಯ ಒಳಗೆ ಹೊಸ ಪ್ಲೈವುಡ್ಡಿನ ವಾಸನೆ, ಮುಳ್ಳು ಹಿಡಿಯುವ ತೋಳು ಅಲುಗಾಡುತ್ತದೆ. 1931ರಲ್ಲಿ ಬಂದ ಎಚ್‌ಎಂವಿ 102 ಎಂಬ ಅಸಲಿ ಯಂತ್ರಕ್ಕೆ ಹೊರಗೆ ಕಾಣುವ ಕಹಳೆಯೇ ಇಲ್ಲ. ಸೂಟ್‌ಕೇಸಿನಂತೆ ಮುಚ್ಚಿ ಒಯ್ಯುವ ಪೆಟ್ಟಿಗೆಯೊಳಗೇ ಅದು ಅಡಗಿದೆ. ಹರಾಜಿನಲ್ಲಿ ನಾಟಕದವರು ಮಾತ್ರ ಕೂಗಿದರು, 900ಕ್ಕೆ. ಭಾವ ಕೊಡಲಿಲ್ಲ.

ಚೌಕಾಸಿ

ಬೋಣಿಯ ಹೊತ್ತು ಎಲ್ಲಕ್ಕಿಂತ ದೊಡ್ಡ ರಿಯಾಯಿತಿ. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಯಾವ ವ್ಯಾಪಾರಿಗೂ ಮನಸ್ಸು ಬರುವುದಿಲ್ಲ. ಆದರೆ ಅದನ್ನು ದುರುಪಯೋಗ ಮಾಡಬೇಡಿ. ಕೊಳ್ಳುವ ಮನಸ್ಸಿಲ್ಲದೆ ಬೋಣಿಯ ಹೊತ್ತಿನಲ್ಲಿ ಬೆಲೆ ಕೇಳಿ ಹೋಗುವವರನ್ನು ಅವರು ವರ್ಷಗಟ್ಟಲೆ ನೆನಪಿಡುತ್ತಾರೆ.

ಬೇಕಾದ ವಸ್ತುವಿನ ಬೆಲೆಯನ್ನು ಮೊದಲು ಕೇಳಬಾರದು. ಪಕ್ಕದ ಎರಡರ ಬೆಲೆ ಕೇಳಿ, ಮೂರನೆಯದಾಗಿ ಅದನ್ನು ಎತ್ತಿ. ಅವರು ಹೇಳಿದ್ದರ ಅರ್ಧ ಕೇಳಬೇಕು ಎಂಬ ಹಳೆಯ ಸೂತ್ರ ಅವರಿಗೂ ಗೊತ್ತು, ಅದಕ್ಕೇ ದುಪ್ಪಟ್ಟು ಹೇಳುತ್ತಾರೆ. ನಾನು ಮಾಡುವುದು ಇಷ್ಟೇ: ನಮ್ಮ ಮಹಡಿಯಲ್ಲಿ ಇದಕ್ಕೆ ಎಷ್ಟು ಬರಬಹುದು ಎಂದು ಮನಸ್ಸಿನಲ್ಲಿ ಅಂದಾಜು ಮಾಡಿ, ಅದರ ಅರ್ಧವನ್ನು ಗಡಿ ಎಂದು ಇಟ್ಟುಕೊಳ್ಳುತ್ತೇನೆ. ಅವರ ಬೆಲೆಗೂ ನನ್ನ ಗಡಿಗೂ ಸಂಬಂಧವಿಲ್ಲ. ಬೆಲೆ ಕುದುರಿದ ಮೇಲೆ ಕೊಸರು ಕೇಳುವುದನ್ನು ಮರೆಯಬೇಡಿ. ಒಮ್ಮೆ ಒಂದು ವಾಚಿನ ಮೇಲೆ ಕೊಸರಾಗಿ ಸಿಕ್ಕಿದ ಹಿತ್ತಾಳೆಯ ಸುಣ್ಣದ ಡಬ್ಬಿಯೇ ಹರಾಜಿನಲ್ಲಿ 250 ತಂದಿತು. ಕೊಸರಿನ ಸಾಮಾನು ಮೂರರ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ ಎಂದು ಭಾವನವರು ಇನ್ನೂ ವಾದ ಮಾಡುತ್ತಾರೆ. ನಿಮ್ಮ ಕಟ್ಟಳೆಯಲ್ಲಿ ಮೊದಲೇ ಬರೆದುಕೊಳ್ಳಿ.

ಮನೆಗೆ ತಂದ ಮೇಲೆ ಕೈ ಕಟ್ಟಿ ಕೂರಿ

ಇದು ನನ್ನ ತಪ್ಪು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾಲ್ಕನೆಯ ಆಟದಲ್ಲಿ 650 ರೂಪಾಯಿಗೆ ಹಿತ್ತಾಳೆಯ ಒಂದು ಸೇರು ಸಿಕ್ಕಿತು. ಕಿಲೋಗ್ರಾಂ, ಲೀಟರಿನ ಲೆಕ್ಕ ಬರುವ ಮೊದಲಿನ ಅಳತೆಯ ಪಾತ್ರೆ. ಅಂಚಿನ ಹತ್ತಿರ ತನಿಖೆಯವರು ಒತ್ತಿದ ಸಣ್ಣ ಸಣ್ಣ ಮುದ್ರೆಗಳು. 1956ರ ತೂಕ ಮತ್ತು ಅಳತೆಯ ಕಾಯ್ದೆ ಬಂದ ಮೇಲೆ ಇಂಥವೆಲ್ಲ ಅಂಗಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಟ್ಟಕ್ಕೆ ಹೋದವು. ಮೈಯೆಲ್ಲ ಕಂದು, ಮುದ್ರೆಗಳ ಕುಳಿಯಲ್ಲಿ ಕಪ್ಪು ಕೂತು ಒಂದೊಂದೂ ಎದ್ದು ಕಾಣುತ್ತಿತ್ತು. ಒಳಾಂಗಣದ ವಿನ್ಯಾಸಕಿಗೆ ಇದು ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ.

ಶನಿವಾರ ಸಂಜೆ ಕೈ ಸುಮ್ಮನಿರಲಿಲ್ಲ. ಮನೆಗೆ ಜನ ಬರುತ್ತಾರೆ, ಕೊಳಕು ಪಾತ್ರೆ ಹೇಗೆ ಇಡುವುದು ಎಂದುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಹತ್ತು ನಿಮಿಷದಲ್ಲಿ ದೀಪಾವಳಿಯ ಹಂಡೆಯಂತೆ ಹೊಳೆಯಿತು. ಮರುದಿನ ವಿನ್ಯಾಸಕಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ, ಮುದ್ರೆಗಳ ಮೇಲೆ ಬೆರಳಾಡಿಸಿ, "ಅಯ್ಯೋ, ತೊಳೆದುಬಿಟ್ಟಿರಾ" ಎಂದು ಕೆಳಗಿಟ್ಟರು. 400ಕ್ಕೆ ಹೋಯಿತು, ಅದೂ ಪಕ್ಕದ ಬೀದಿಯ ಒಬ್ಬರು ಅಕ್ಕಿ ಅಳೆಯಲು ಬೇಕೆಂದು ಕೊಂಡದ್ದು. ಧೂಳು ಒರೆಸಲು ಒಣಗಿದ ಮೆತ್ತನೆಯ ಬಟ್ಟೆ, ಅಷ್ಟೇ. ವಾಚಿನ ಗಾಜಿನ ಗೀಚನ್ನೂ ಉಜ್ಜಲು ಹೋಗಬೇಡಿ. ಕೊಳ್ಳುವವರಿಗೆ ತಾವೇ ಉಜ್ಜುವ ಸುಖ ಬೇಕಾಗಿರುತ್ತದೆ.

ಹರಾಜು

ಸಂತೆಗೂ ಹರಾಜಿಗೂ ಒಂದು ವಾರದ ಅಂತರವಿರಲಿ. ಆ ವಾರ ಎಂಟೂ ಜನರಿಗೆ ಸಾಮಾನುಗಳ ಚಿತ್ರ ಕಳಿಸಿ, ಬೆಲೆ ಮಾತ್ರ ಬರೆಯಬೇಡಿ. ಎಷ್ಟಕ್ಕೆ ಕೊಂಡಿರಿ ಎಂಬುದು ಹೊರಬಿದ್ದರೆ ಕೂಗು ಅಲ್ಲೇ ಸುತ್ತುತ್ತದೆ.

ಕೂಗಿಸುವವರು ಎರಡೂ ತಂಡಕ್ಕೆ ಸೇರದವರಾಗಬೇಕು. ನಮ್ಮಲ್ಲಿ ಕೆಳಮನೆಯ ಬಾಡಿಗೆದಾರರು, ದೊಡ್ಡ ಗಂಟಲಿನವರು, ಅಜ್ಜಿಯ ಎಲೆ ಅಡಿಕೆ ಕುಟ್ಟಾಣಿಯನ್ನು ಮಣೆಗೆ ಬಡಿದು ಮುಗಿಸುತ್ತಾರೆ. ಆರಂಭದ ಬೆಲೆ ತೀರ ಕೆಳಗಿರಲಿ, ನೂರು ರೂಪಾಯಿ ಆದರೂ ಸರಿ. ಕಡಿಮೆಯಿಂದ ಹೊರಟರೆ ನಾಲಿಗೆಗಳು ಸಡಿಲವಾಗುತ್ತವೆ, ಒಮ್ಮೆ ಬಾಯಿ ಬಿಟ್ಟವರು ಮತ್ತೆ ಬಿಡುತ್ತಾರೆ. 500 ದಾಟುವ ತನಕ ಐವತ್ತರಂತೆ, ಆಮೇಲೆ ನೂರರಂತೆ ಏರಿಸಿ. ಒಂದು ಸಲ, ಎರಡು ಸಲ ಎಂದ ಮೇಲೆ ನಿಧಾನ ಮಾಡಬೇಕು. ಆ ನಿಶ್ಶಬ್ದದಲ್ಲಿಯೇ ದುಡ್ಡಿರುವುದು. ಮೊದಲ ಸಲ ಬಂದವರಿಗೆ ನಿಯಮ ಬಿಡಿಸಿ ಹೇಳಿ. ಇಪ್ಪತ್ತು ವರ್ಷ ಚೀಟಿ ಕೂಗಿ ಅಭ್ಯಾಸವಿದ್ದ ಎದುರುಮನೆಯವರು ನಮ್ಮ ಟ್ರಾನ್ಸಿಸ್ಟರಿಗೆ ಎಂಟುನೂರು, ಏಳುನೂರು, ಆರುನೂರು ಎಂದು ಒಬ್ಬರೇ ಇಳಿಸಿಕೊಂಡು ಹೋದರು. ಯಾರಿಗೂ ತಡೆಯಲು ಮನಸ್ಸಾಗಲಿಲ್ಲ.

ಒಳ್ಳೆಯ ಸಾಮಾನನ್ನು ಮೊದಲಿಗೂ ಇಡಬೇಡಿ, ಕೊನೆಗೂ ಇಡಬೇಡಿ. ಮೊದಲಿಗೆ ಜನ ಬಿಗಿಯಾಗಿರುತ್ತಾರೆ. ಕೊನೆಗೆ ಅರ್ಧ ಜನ ಕೆಳಗಿನ ಉಪ್ಪಿಟ್ಟಿನ ವಾಸನೆ ಹಿಡಿದು ಇಳಿದಿರುತ್ತಾರೆ. ಆರು ಸಾಮಾನಿದ್ದರೆ ಮೂರನೆಯದು, ನಾಲ್ಕನೆಯದು ಸರಿಯಾದ ಜಾಗ. ಎರಡು ತಂಡದ ವಸ್ತುಗಳನ್ನು ಬೆರೆಸಿ, ಚೀಟಿ ಎತ್ತಿ ಕ್ರಮ ನಿರ್ಧರಿಸಬೇಕೆಂದು ಎದುರಾಳಿ ಹಟ ಹಿಡಿದರೆ ಒಪ್ಪದೆ ವಿಧಿಯಿಲ್ಲ.

ಲೆಕ್ಕದ ಪುಸ್ತಕದಲ್ಲಿ ಅಸಲು, ಕೂಗು, ಲಾಭ ಅಥವಾ ಲುಕ್ಸಾನು ಮೂರೇ ಕಲಮು ಸಾಕು ಎಂದು ನಾನು ಹೇಳುತ್ತಿದ್ದೆ. ಟ್ರಂಕನ್ನು ಚಿಕ್ಕಪೇಟೆಯಿಂದ ತರಲು ಆಟೋಗೆ 280 ಕೊಟ್ಟದ್ದನ್ನು ಭಾವ ಪತ್ತೆ ಮಾಡಿದ ಮೇಲೆ ನಾಲ್ಕನೆಯ ಕಲಮು ಬಂದಿದೆ. ಆದರೂ ಅವತ್ತು ನಾವೇ ಗೆದ್ದೆವು, 120 ರೂಪಾಯಿಯಿಂದ.

ಹರಾಜಾಗದ ವಸ್ತು ಕೊಂಡವರ ಮನೆಯಲ್ಲೇ ಇರಬೇಕು, ಮುಂದಿನ ಆಟಕ್ಕೆ ತರುವಂತಿಲ್ಲ. ಗ್ರಾಮಫೋನು ಈಗ ಭಾವನವರ ಮನೆಯಲ್ಲಿ ಟಿವಿಯ ಪಕ್ಕದಲ್ಲಿದೆ. ಅಕ್ಕ ಅದರ ಕಹಳೆಯಲ್ಲಿ ಕರೆಂಟು ಬಿಲ್ಲು, ಗ್ಯಾಸಿನ ರಸೀತಿ ಹಾಕಿಡುತ್ತಾಳೆ.